ಹಾವಿನ ಮೊಟ್ಟೆ ಇಡುವ ಡಬ್ಬಕ್ಕೆ ತೂತು ಬೇಕಾ?

ಪಾಯ ತೆಗೆಯುವಾಗಲೋ ಹಳೇ ಇಟ್ಟಿಗೆ ರಾಶಿ ಎತ್ತುವಾಗಲೋ ನಾಗರಹಾವಿನ ಮೊಟ್ಟೆ ಸಿಗುತ್ತವೆ. ಇದ್ದಲ್ಲೇ ಬಿಡಲು ಆಗುವುದಾದರೆ ಬಿಡಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆಗದಿದ್ದಾಗ ಅರಣ್ಯ ಇಲಾಖೆಗೆ ತಿಳಿಸಿ ಕಾವಿಗೆ ಇಡಬೇಕಾಗುತ್ತದೆ. ಆಗ ಈ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಕೇಳುವುದು ಒಂದೇ: ಡಬ್ಬಕ್ಕೆ ಎಷ್ಟು ತೂತು ಹಾಕಬೇಕು ಸಾರ್?

ಶುರುವಿನಲ್ಲಿ ಒಂದೂ ಬೇಡ.

ಉಸಿರು ಕಟ್ಟುತ್ತದೆ ಅಂತ ಭಯ, ಅಲ್ವಾ? ಮೊದಲ ವಾರಗಳಲ್ಲಿ ಒಳಗಿನ ಭ್ರೂಣ ತೀರಾ ಚಿಕ್ಕದು, ಅದಕ್ಕೆ ಬೇಕಾದ ಆಮ್ಲಜನಕವೂ ಅಷ್ಟೇ ಕಡಿಮೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಬದಲಾಯಿಸಿದರೆ ಸಾಕು. ನೀರಿನ ಕಥೆ ಬೇರೆ. ಹಾವಿನ ಮೊಟ್ಟೆಯ ಸಿಪ್ಪೆ ಕೋಳಿ ಮೊಟ್ಟೆಯ ಹಾಗೆ ಗಟ್ಟಿ ಅಲ್ಲ, ಚರ್ಮದ ಹಾಗೆ ಮೆತ್ತಗಿರುತ್ತದೆ, ಸುತ್ತಲಿನ ತೇವ ಹೀರಿ ಊದಿಕೊಳ್ಳುತ್ತದೆ, ಸುತ್ತ ಒಣಗಿದರೆ ತನ್ನಲ್ಲಿರುವ ನೀರನ್ನೂ ಕಳೆದುಕೊಂಡು ತಗ್ಗು ಬೀಳುತ್ತದೆ. ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ, ಮೇಲೆ ಫ್ಯಾನ್ ತಿರುಗುವ ಕೋಣೆಯಲ್ಲಿ ತೂತಿನ ಡಬ್ಬ ಇಟ್ಟು ನೋಡಿ, ಎಷ್ಟು ಬೇಗ ಒಣಗುತ್ತದೆ ಅಂತ ಗೊತ್ತಾಗುತ್ತದೆ. ನೀರು ಆವಿಯಾದಷ್ಟೂ ಡಬ್ಬ ತಣ್ಣಗಾಗುತ್ತದೆ ಬೇರೆ.

ಮೊಟ್ಟೆಯ ಕೆಳಗೆ ಹಾಸಲು ವರ್ಮಿಕ್ಯುಲೈಟ್ (ನೀರು ಹೀರಿ ಹಿಡಿದಿಡುವ ಹಗುರ ಖನಿಜದ ಚೂರು) ತೆಗೆದುಕೊಳ್ಳಿ, ಅದು ಎಷ್ಟು ತೂಕವೋ ಅಷ್ಟೇ ತೂಕದ ನೀರು ಕಲಸಿ. ಹಿಂಡಿದರೆ ಹನಿ ಬೀಳಬಾರದು. ಮೊಟ್ಟೆ ಸಿಕ್ಕಾಗ ಮೇಲಿದ್ದ ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹಾಗೇ ಇಡಿ, ಹೊರಳಿಸಬೇಡಿ. ಆಮೇಲೆ ಇಡೀ ಡಬ್ಬ ತೂಗಿ ಮುಚ್ಚಳದ ಮೇಲೇ ಬರೆದಿಡಿ. ಪ್ರತಿ ವಾರ ಎಷ್ಟು ಗ್ರಾಂ ಇಳಿದಿದೆಯೋ ಅಷ್ಟು ನೀರನ್ನು ಅಂಚಿನಲ್ಲಿ ಹಾಕಿ. ಮೊಟ್ಟೆಯ ಮೇಲೆ ಬೇಡ, ಯಾಕೆಂದರೆ ಸಿಪ್ಪೆಯ ಮೇಲೆ ನೀರಿನ ಪದರ ನಿಂತರೆ ಗಾಳಿ ಒಳಗೆ ಹೋಗುವುದಿಲ್ಲ, ನಿಜವಾಗಿ ಉಸಿರು ಕಟ್ಟುವುದು ಆಗಲೇ. ಮುಚ್ಚಳದಿಂದ ಹನಿ ತೊಟ್ಟಿಕ್ಕುತ್ತಿದ್ದರೆ ಡಬ್ಬವನ್ನು ಸ್ವಲ್ಪ ವಾಲಿಸಿ ಇಡಿ, ನೀರು ಪಕ್ಕಕ್ಕೆ ಇಳಿಯುತ್ತದೆ.

28ರಿಂದ 30 ಡಿಗ್ರಿಯಲ್ಲಿ ನಾಗರಹಾವಿನ ಮೊಟ್ಟೆಗೆ ಸುಮಾರು ಎರಡು ತಿಂಗಳು ಬೇಕು. ಕೊನೆಯ ಮೂರು ವಾರ ಲೆಕ್ಕ ತಿರುಗುತ್ತದೆ. ಮರಿ ಬೆಳೆದಿರುತ್ತದೆ, ಆಮ್ಲಜನಕ ಜಾಸ್ತಿ ಎಳೆಯುತ್ತದೆ. ಪೂರ್ತಿ ಬೆಳೆದ ಮರಿಗಳು ಮೊಟ್ಟೆಯೊಳಗೇ ಸತ್ತಿರುವುದನ್ನು ಕಂಡರೆ ನನಗೆ ಮೊದಲು ಅನುಮಾನ ಬರುವುದು ಈ ಹೊತ್ತಿನಲ್ಲೂ ಬಿಗಿಯಾಗಿ ಮುಚ್ಚಿಟ್ಟ ಡಬ್ಬದ ಮೇಲೆ. ಈಗ ತೂತು ಹಾಕಿ, ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆಯಿರಿ, ತೂಗುವುದನ್ನೂ ಅಷ್ಟೇ ಸಲ ಮಾಡಿ. ಒಡೆಯುವ ಮುಂಚೆ ಮೊಟ್ಟೆ ಸ್ವಲ್ಪ ತಗ್ಗು ಬಿದ್ದರೆ ಗಾಬರಿ ಬೇಡ, ಆಗ ಅದು ಸಹಜ.

ಮೊಸಳೆ, ಮನೆಗೋಡೆಯ ಹಲ್ಲಿಗಳ ಮೊಟ್ಟೆಯ ಸಿಪ್ಪೆ ಗಟ್ಟಿ. ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ತೂತು ಸೂಜಿಮೊನೆಯಷ್ಟೇ ಇರಲಿ, ಮುಚ್ಚಳಕ್ಕೆ ಕ್ಲಿಪ್ ಇರಲಿ. ನಾಗರಹಾವಿನ ಮರಿಗೆ ಹುಟ್ಟುವಾಗಲೇ ವಿಷ ಇರುತ್ತದೆ, ಸಂದಿ ಸಿಕ್ಕರೆ ರಾತ್ರೋರಾತ್ರಿ ಹೊರಗೆ ಬಂದಿರುತ್ತದೆ.