ಹಿರಿಯರ ವ್ಯಾಯಾಮ: ಗುರಿ ನಾಡಿಬಡಿತದ ಲೆಕ್ಕ

ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ. ಬಡಿತ ಏರಿಸುವ ಹಾರ್ಮೋನ್ ಅಡ್ರಿನಲಿನ್‌ಗೆ ಹೃದಯ ಮೊದಲಿನಷ್ಟು ಚುರುಕಾಗಿ ಓಗೊಡುವುದಿಲ್ಲ. ಎಷ್ಟೇ ವ್ಯಾಯಾಮ ಮಾಡಿದರೂ ಈ ಇಳಿಕೆ ನಿಲ್ಲದು. ವ್ಯಾಯಾಮದಿಂದ ಹೆಚ್ಚುವುದು ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತದ ಪ್ರಮಾಣ. ಇದು ಸುಲಭ, ಮುಂದೆ ಹೋಗೋಣ.

ತಲೆ ಕೆಡಿಸುವುದು ವ್ಯಾಯಾಮದಲ್ಲಿ ನಾಡಿ ಎಷ್ಟಕ್ಕೆ ಏರಬೇಕು ಎಂಬ ಗುರಿಯ ಶೇಕಡಾವಾರು. ಮಧ್ಯಮ ಶ್ರಮವೆಂದರೆ ಒಂದು ಪುಸ್ತಕದಲ್ಲಿ ಶೇ 40ರಿಂದ 59, ಇನ್ನೊಂದರಲ್ಲಿ ಶೇ 64ರಿಂದ 76. ಎರಡೂ ಸರಿ. ಮೊದಲನೆಯದು ಮೀಸಲು ಬಡಿತದ (ಗರಿಷ್ಠ ಬಡಿತದಿಂದ ವಿಶ್ರಾಂತಿಯ ಬಡಿತ ಕಳೆದರೆ ಉಳಿಯುವುದು) ಪಾಲು, ಎರಡನೆಯದು ಗರಿಷ್ಠ ಬಡಿತದ ಪಾಲು.

70 ವರ್ಷದ ಅಜ್ಜಿಯನ್ನು ತೆಗೆದುಕೊಳ್ಳಿ. ಗರಿಷ್ಠ ಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರ 150 ಎನ್ನುತ್ತದೆ. ಹಿರಿಯರ ಮಟ್ಟಿಗೆ ಇದು ತುಸು ಜಿಪುಣ. 2001ರ ತನಾಕಾ ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು: 159. ಸುಮ್ಮನೆ ಕುಳಿತಾಗ ಅವರ ನಾಡಿ 70 ಎಂದುಕೊಳ್ಳಿ. ಮೀಸಲು 89. ಅದರ ಶೇ 40 ಅಂದರೆ ಸುಮಾರು 36.

ಇಲ್ಲಿಗೆ ನಿಲ್ಲಿಸಬೇಡಿ! ನಿಮಿಷಕ್ಕೆ 36 ಬಡಿತವೆಂದರೆ ವ್ಯಾಯಾಮವಲ್ಲ, ಆಸ್ಪತ್ರೆಗೆ ಓಡುವ ಸ್ಥಿತಿ. ಆಟೋ ಮೀಟರ್ ಸೊನ್ನೆಯಿಂದಲ್ಲ, ಕನಿಷ್ಠ ದರದಿಂದ ಶುರುವಾಗುತ್ತದಲ್ಲ, ಹಾಗೆಯೇ ಈ ಲೆಕ್ಕವೂ ವಿಶ್ರಾಂತಿಯ 70ರಿಂದ ಶುರು. 36ಕ್ಕೆ 70 ಕೂಡಿಸಿ: 106. ಶೇ 59ಕ್ಕೆ ಹೀಗೆಯೇ ಮಾಡಿದರೆ ಸುಮಾರು 123. ಇದೇ ಕಾರ್ವೋನೆನ್ ವಿಧಾನ.

ತಾಳೆ ನೋಡಲು ನನ್ನ ಮೆಚ್ಚಿನ ಉಪಾಯವಿದೆ. 159ರ ನೇರ ಶೇ 40 ಎಷ್ಟು? 64. ಕುಳಿತಾಗಿನ ನಾಡಿಗಿಂತಲೂ ಕಡಿಮೆ! ಅಂದಮೇಲೆ ಶೇ 40 ಎಂದಿದ್ದರೆ ಅದು ಮೀಸಲಿನ ಮಾತೇ. ಗರಿಷ್ಠದ ಶೇ 64ರಿಂದ 76 ಹಿಡಿದರೆ 102ರಿಂದ 121. ಎರಡು ದಾರಿ, ಹೆಚ್ಚುಕಡಿಮೆ ಒಂದೇ ಊರು.

ವಾರದ ಪ್ರಮಾಣ ಬಾಯಿಪಾಠ ಮಾಡಿದರೆ ಸಾಕು: ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಸಮತೋಲನದ ಅಭ್ಯಾಸ ಮೂರು ದಿನ.

ಅಜ್ಜಿ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಬದಿಗಿಡಿ. ಮಾತ್ರೆ ನಾಡಿಯನ್ನು ಹಿಡಿದಿಟ್ಟಿರುತ್ತದೆ. ಏದುಸಿರು ಬಿಡುತ್ತಿದ್ದರೂ ಬಡಿತ 106 ಮುಟ್ಟದಿರಬಹುದು. ಆಗ ಮಾತಿನ ಪರೀಕ್ಷೆಯೇ ಗತಿ: ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು.