ಐಟಿಐಯಿಂದ ಪದವಿಗೆ: ಒಂದು ಇಕ್ಕಟ್ಟಾದ ದಾರಿಯ ಹಿನ್ನೆಲೆ

ಐಟಿಐಯಲ್ಲಿ (ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ) ಎರಡು ವರ್ಷ ಫಿಟ್ಟರ್ (ಯಂತ್ರದ ಭಾಗಗಳನ್ನು ಜೋಡಿಸುವ) ಕೆಲಸ ಕಲಿತವರು ಇಂದು ಕರ್ನಾಟಕದಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೂ, ಮುಂದೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್ ಪದವಿಯಾದ ಬಿಇಯ ಮೂರನೇ ಸೆಮಿಸ್ಟರಿಗೂ ಸೇರಬಹುದು. ಆದರೂ ಈ ದಾರಿ ಇಕ್ಕಟ್ಟಾಗಿಯೇ ಉಳಿದದ್ದೇಕೆ ಎಂದು ತಿಳಿಯಬೇಕಾದರೆ, ಈ ಸಂಸ್ಥೆಗಳು ಯಾರ ಆಶ್ರಯದಲ್ಲಿ ಹುಟ್ಟಿದವು ಎಂಬುದನ್ನು ನೋಡಬೇಕು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೇ, 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯ ಹುಟ್ಟಿಗೂ ಕಾರಣರಾದರು. ಒಬ್ಬರದೇ ದೂರದೃಷ್ಟಿಯ ಫಲವಾದ ಈ ಎರಡು ಬಗೆಯ ಶಿಕ್ಷಣ ಸ್ವಾತಂತ್ರ್ಯಾನಂತರ ಇನ್ನಷ್ಟು ದೂರವಾದವು. 1950ರ ಕುಶಲಕರ್ಮಿ ತರಬೇತಿ ಯೋಜನೆಯ ಐಟಿಐಗಳು ಕಾರ್ಮಿಕ ಸಚಿವಾಲಯದ ಪಾಲಾದವು. ಪಾಲಿಟೆಕ್ನಿಕ್‌ಗಳೂ ಕಾಲೇಜುಗಳೂ ಶಿಕ್ಷಣ ಇಲಾಖೆಯಲ್ಲಿ ಉಳಿದವು. ಪರೀಕ್ಷೆ, ಪ್ರಮಾಣಪತ್ರ, ಬೋಧಕರ ಅರ್ಹತೆ ಎಲ್ಲವೂ ಬೇರೆಯಾದ ಮೇಲೆ, ಒಂದೆಡೆ ಕಲಿತದ್ದನ್ನು ಇನ್ನೊಂದೆಡೆ ಲೆಕ್ಕಕ್ಕೆ ಹಿಡಿಯುವವರೇ ಇರಲಿಲ್ಲ.

ದುಡಿಯುತ್ತಲೇ ಓದುವವರಿಗೆ ಅಂಚೆ ಶಿಕ್ಷಣ ಆಸರೆಯಾಯಿತು. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಆರಂಭಿಸಿದ ಈ ಕ್ರಮವನ್ನು ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಕೈಗೊಂಡಿತು. ಆ ವಿಭಾಗವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ಅಂಚೆಯಲ್ಲಿ ಕಳುಹಿಸಬಹುದಾದದ್ದು ಪುಸ್ತಕದ ಪಾಠವೇ ಹೊರತು ಲೇತ್ ಯಂತ್ರದ ಅಭ್ಯಾಸವಲ್ಲ. ಅದಕ್ಕೆ ಕಾಲೇಜಿನ ವರ್ಕ್‌ಶಾಪೇ ಬೇಕು. ಹಾಗಾಗಿ, ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದವರಿಗಾಗಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಾದ ಯುವಿಸಿಇ ನಡೆಸಿದ ಸಂಜೆಯ ಬಿಇ ತರಗತಿಗಳನ್ನು ನಾನು ಈ ಇತಿಹಾಸದ ಅತ್ಯಂತ ಪ್ರಾಮಾಣಿಕ ಪ್ರಯತ್ನಗಳಲ್ಲಿ ಒಂದೆಂದು ಎಣಿಸುತ್ತೇನೆ.

2013ರಲ್ಲಿ ಕೌಶಲಗಳನ್ನು ಹಂತಗಳಾಗಿ ಗುರುತಿಸುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು, ಮರುವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೃತ್ತಿ ಕೌಶಲದ ಬಿ.ವೊಕ್ ಪದವಿ ಯೋಜನೆ ತಂದಿತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೂ ಮುಂದೆ ಹೋಗಿ, ತರಗತಿಯಾಗಲಿ ಕಾರ್ಯಾಗಾರವಾಗಲಿ, 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1200 ಗಂಟೆಗಳಿಗೆ 40 ಎಂದು ಒಂದೇ ಅಳತೆಯನ್ನು ನಿಗದಿಪಡಿಸಿತು. ಇಲಾಖೆಗಳ ಗೋಡೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದೆಂದು ನನಗನಿಸುತ್ತದೆ.

ಅಳತೆ ಒಂದಾದರೂ ಕಲಿಯುವವರ ಕಷ್ಟ ಬೇರೆ ಕಡೆಯಿದೆ. ವರ್ಕ್‌ಶಾಪಿನಲ್ಲಿ ಕನ್ನಡದಲ್ಲೇ ಕೆಲಸ ಕಲಿತು ನೇರವಾಗಿ ಎರಡನೇ ವರ್ಷಕ್ಕೆ ಬಂದ ಹುಡುಗರು, ಮೊದಲ ವರ್ಷದ ಗಣಿತವಿಲ್ಲದೆ ಇಂಗ್ಲಿಷಿನ ಪಠ್ಯವನ್ನು ಎದುರಿಸಬೇಕಾಗುತ್ತದೆ. ಅವರ ಕೈಕೆಲಸಕ್ಕೆ ಕ್ರೆಡಿಟ್ ಕೊಡುವ ಕಾಲೇಜುಗಳು, ಅವರು ಸೇರುವ ಮುಂಚಿನ ಬೇಸಿಗೆಯಲ್ಲೇ ಕನ್ನಡದಲ್ಲಿ ಗಣಿತದ ಸೇತು ತರಗತಿಗಳನ್ನೂ ನಡೆಸಬೇಕು.