ಪಿನ್, ಬಿನ್, ಸ್ಪಿನ್: ಇಂಗ್ಲಿಷ್ ವ್ಯಂಜನಗಳ ಟಿಪ್ಪಣಿ

ಮೊದಲು ಸ್ಪೆಲಿಂಗನ್ನು ಪಕ್ಕಕ್ಕಿಡಿ. ಇಂಗ್ಲಿಷಿನಲ್ಲಿ ಅಕ್ಷರ 26. ಆದರೆ ಬ್ರಿಟಿಷ್ ಪ್ರಮಾಣಿತ ಉಚ್ಚಾರಣೆಯಲ್ಲಿ ಸಾಮಾನ್ಯವಾಗಿ 44 ಧ್ವನಿಗಳನ್ನು ಎಣಿಸುತ್ತಾರೆ: ವ್ಯಂಜನ 24, ಸ್ವರ 20.

ಯಾವ ವ್ಯಂಜನ ಸಿಕ್ಕರೂ ಮೂರೇ ಪ್ರಶ್ನೆ. ಗಂಟಲಿನ ಧ್ವನಿತಂತುಗಳು ಅದುರುತ್ತವೆಯೇ? ಗಾಳಿಗೆ ತಡೆ ಎಲ್ಲಿ? ಎಂಥ ತಡೆ? ಅಂದರೆ ಘೋಷ-ಅಘೋಷ, ಸ್ಥಾನ, ರೀತಿ. ಕ-ಖ-ಗ-ಘ ಬಾಯಿಪಾಠ ಮಾಡಿದವರಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತಿದೆ.

ರೀತಿಯನ್ನು ಬೇಗ ಮುಗಿಸೋಣ. ಗಾಳಿಯನ್ನು ಪೂರ್ತಿ ತಡೆದು ಬಿಟ್ಟರೆ ಸ್ಪರ್ಶ; ಪ್, ಬ್, ಟ್, ಡ್, ಕ್, ಗ್ ಹೀಗೆ ಆರು. ಸಣ್ಣ ಸಂದಿಯಲ್ಲಿ ಉಜ್ಜಿಕೊಂಡು ಹೋದರೆ ಘರ್ಷ, ಒಂಬತ್ತು. ತಡೆದು, ಆಮೇಲೆ ಉಜ್ಜುತ್ತಾ ಬಿಟ್ಟರೆ ಅನುಘರ್ಷ, ಎರಡೇ: 'ಚರ್ಚ್' ಮತ್ತು 'ಜಡ್ಜ್' ಪದಗಳಲ್ಲಿ ಇರುವವು. ಮೂಗಿನಿಂದ ಬರುವವು ಮೂರು. ಉಳಿದ ನಾಲ್ಕರಲ್ಲಿ 'ಲ್' ನಾಲಗೆಯ ಪಕ್ಕದಿಂದ ಜಾರುತ್ತದೆ, ಮಿಕ್ಕ ಮೂರಕ್ಕೆ ತಡೆ ಹೆಸರಿಗಷ್ಟೇ.

ಸ್ಪರ್ಶವೋ ಘರ್ಷವೋ ಅನುಮಾನ ಬಂದರೆ ಎಳೆದು ನೋಡಿ. 'ಸ್‌ಸ್‌ಸ್' ಉಸಿರಿರುವಷ್ಟು ಹೊತ್ತು ಎಳೆಯಬಹುದು, 'ಟ್' ಆಗುವುದಿಲ್ಲ. 'ಥಿಂಕ್' ಪದದ ಮೊದಲ ಧ್ವನಿಯನ್ನೂ ಎಳೆಯಬಹುದು. ಆದ್ದರಿಂದ ಅದು ಘರ್ಷ, ನಮ್ಮ 'ಥ್' ಅಲ್ಲ. ಇಂಗ್ಲಿಷ್ 'ಟ್' ಕೂಡ ನಮ್ಮ 'ಟ್' ಅಲ್ಲ. ನಮ್ಮದಕ್ಕೆ ನಾಲಗೆ ಹಿಂದಕ್ಕೆ ಮಡಚುತ್ತದೆ, ಅವರದಕ್ಕೆ ತುದಿ ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ತಾಗುತ್ತದೆ. 'ವ್ಯಾನ್' ಅನ್ನುವಾಗ ಕೆಳತುಟಿ ಮೇಲಿನ ಹಲ್ಲಿಗೆ ತಾಗಬೇಕು, 'ವಾಟರ್' ಅನ್ನುವಾಗ ತುಟಿ ದುಂಡಗಾಗಬೇಕು, ಹಲ್ಲಿಗೆ ಕೆಲಸವಿಲ್ಲ.

ಈಗ ತಲೆ ತಿನ್ನುವ ಭಾಗ: ಘೋಷ.

ಗಂಟಲ ಮೇಲೆ ಬೆರಳಿಟ್ಟು ನೋಡಿ ಅನ್ನುತ್ತಾರೆ. 'ಸಿಪ್' ಮತ್ತು 'ಜ಼ಿಪ್' ಪದಗಳ ಮೊದಲ ಧ್ವನಿಗಳನ್ನು ಎಳೆದರೆ ವ್ಯತ್ಯಾಸ ಥಟ್ಟನೆ ಸಿಗುತ್ತದೆ. 'ಪ' ಮತ್ತು 'ಬ'ಕ್ಕೆ ಇದು ಕೈಕೊಡುತ್ತದೆ. ಯಾಕೆ? 'ಪ' ಅಂದಾಗ ಒಳಗೆ 'ಅ' ಇದೆ, ಸ್ವರಕ್ಕೆ ಗಂಟಲು ಅದುರಿಯೇ ಅದುರುತ್ತದೆ. ಅದಕ್ಕೇ ತುಟಿ ಮುಚ್ಚಿರುವ ಆ ಒಂದು ಕ್ಷಣವನ್ನು ಮಾತ್ರ ಗಮನಿಸಬೇಕು. ಕನ್ನಡದ 'ಬ್'ನಲ್ಲಿ ಮುಚ್ಚಿದ ತುಟಿಯ ಹಿಂದೆಯೇ ಗುಂಯ್ ಅನ್ನುತ್ತದೆ, 'ಪ್'ನಲ್ಲಿ ನಿಶ್ಶಬ್ದ.

ಇಲ್ಲಿವರೆಗೆ ಸರಿ, ಅಲ್ವಾ? ಆದರೆ ಇಂಗ್ಲಿಷಿನವರು 'ಬಿನ್' ಅನ್ನುವಾಗ ತುಟಿ ಮುಚ್ಚಿದ್ದಾಗ ಗಂಟಲು ಅದುರುವುದು ಕಡಿಮೆ, ಎಷ್ಟೋ ಸಲ ಇಲ್ಲವೇ ಇಲ್ಲ. ಹಾಗಾದರೆ 'ಪಿನ್' ಬೇರೆ ಹೇಗೆ? ತುಟಿ ತೆರೆದ ಮೇಲೆ ಅದುರು ಶುರುವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದರಲ್ಲಿ. 'ಬ್' ಆದರೆ ಹೆಚ್ಚುಕಡಿಮೆ ತಕ್ಷಣ. 'ಪ್' ಆದರೆ ನಡುವೆ ಗಾಳಿ ಉಫ್ ಎಂದು ಹೊರಬರುತ್ತದೆ, ಆಮೇಲೆ ಸ್ವರ. 1964ರಲ್ಲಿ ಲೀ ಲಿಸ್ಕರ್ ಮತ್ತು ಆರ್ಥರ್ ಏಬ್ರಮ್ಸನ್ ಎಂಬ ಭಾಷಾವಿಜ್ಞಾನಿಗಳು 11 ಭಾಷೆಗಳಲ್ಲಿ ಈ ಹೊತ್ತನ್ನು ಅಳೆದರು. ಬಿಡಿ ಪದಗಳಲ್ಲಿ ಇಂಗ್ಲಿಷ್ 'ಪ್'ಗೆ ಸರಾಸರಿ 58 ಮಿಲಿಸೆಕೆಂಡ್, 'ಟ್'ಗೆ 70, 'ಕ್'ಗೆ 80 ಬಂತು.

ಅಂದರೆ ನಮ್ಮ ಲೆಕ್ಕದಲ್ಲಿ 'ಪಿನ್'ನ ಮೊದಲ ಧ್ವನಿ ಮಹಾಪ್ರಾಣ. ಬಾಯಿ ಮುಂದೆ ತೆಳು ಕಾಗದ ಹಿಡಿದರೆ ಅದು ಹಾರಬೇಕು. ಅಲ್ಪಪ್ರಾಣದ 'ಪ್' ಹಾಕಿ ಹೇಳಿದರೆ ಅವರ ಕಿವಿಗೆ 'ಬಿನ್' ಅನ್ನಿಸಬಹುದು. ಆದರೆ 'ಸ್' ಹಿಂದೆ ಬಂದರೆ ಈ ಗಾಳಿ ಮಾಯ. 'ಸ್ಪಿನ್' ಅಂದಾಗ ಕಾಗದ ಅಲುಗುವುದೇ ಕಷ್ಟ. ರೆಕಾರ್ಡಿಂಗ್‌ನಲ್ಲಿ 'ಸ್ಪಿನ್'ನಿಂದ 'ಸ್' ಕತ್ತರಿಸಿದರೆ ಉಳಿದದ್ದು 'ಬಿನ್' ಎಂದು ಕೇಳಿಸುತ್ತದೆ! ನನಗೆ ಇಡೀ ಪಾಠದಲ್ಲಿ ಇಷ್ಟವಾದದ್ದು ಇದೇ.

ಪದದ ಕೊನೆಯಲ್ಲಿ ಗಾಳಿಯ ಆಟವೂ ನಡೆಯುವುದಿಲ್ಲ. 'ಬೀಟ್' ಮತ್ತು 'ಬೀಡ್' ಹೇಳಿ ನೋಡಿ. ಕೊನೆಯ 'ಡ್' ಅರ್ಧಂಬರ್ಧ ಅದುರುತ್ತದೆ, ವ್ಯತ್ಯಾಸವನ್ನು ಜಾಸ್ತಿ ಹೊರುವುದು ಹಿಂದಿನ ಸ್ವರ. ಅಘೋಷದ ಮುಂದೆ ಅದು ಮೊಟಕಾಗುತ್ತದೆ, ಘೋಷದ ಮುಂದೆ ಉದ್ದ ನಿಲ್ಲುತ್ತದೆ.

ಇಷ್ಟಾದರೂ ಪರೀಕ್ಷೆಯ ಉತ್ತರದಲ್ಲಿ 'ಬ್' ಘೋಷ, 'ಪ್' ಅಘೋಷ ಎಂದೇ ಬರೆಯಿರಿ. ಎರಡು ಸ್ವರಗಳ ನಡುವೆ, 'ರಬರ್' ಅನ್ನುವಂಥ ಪದದಲ್ಲಿ, ಅವರ 'ಬ್' ಪೂರ್ತಿ ಅದುರುತ್ತದೆ.

ಸ್ವರಗಳಿಗೆ ಬೇರೆ ಮೂರು ಪ್ರಶ್ನೆ: ನಾಲಗೆ ಎಷ್ಟು ಎತ್ತರ, ಮುಂದೋ ಹಿಂದೋ, ತುಟಿ ದುಂಡಗೋ ಇಲ್ಲವೋ. 'ಸೀ' ಅಂದರೆ ಎತ್ತರ, ಮುಂದೆ, ತುಟಿ ಅಗಲ. 'ಟೂ' ಅಂದರೆ ಎತ್ತರ, ಹಿಂದೆ, ದುಂಡಗೆ. ನಾಲಗೆ ಒಂದು ಜಾಗದಿಂದ ಇನ್ನೊಂದಕ್ಕೆ ಜಾರಿದರೆ ಸಂಧ್ಯಕ್ಷರ. 20ರಲ್ಲಿ 8 ಅವೇ.